ನಾಲ್ಕು ಸಾವಿರದ ಒಂದನೇ ಸಾಲು

ಕಂತು: ಒಂಬತ್ತು

"ಈ ದಿನ ನಿಮ್ಮ ಮಷೀನು ಚಾಲೂ ಇತ್ತೋ, ಬಂದ್ ಇತ್ತೋ?"

ವಿಮಾ ಕಂಪನಿಯ ಪರ ತಪಾಸಣೆ ಮಾಡುವ ಭುವನಾ ಫೋಟೊ ತೆಗೆದು ಮೇಜಿನ ಮೇಲಿಟ್ಟಳು. ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೊದಲ ಮಹಡಿಯ ಕಂಪ್ಯೂಟರ್ ಅಂಗಡಿ. ಮೇಜಿನ ಆಚೆ ಕೂತಿದ್ದ ಚೇತನಕುಮಾರ ಫೋಟೊದ ಕಡೆ ಬಗ್ಗಿದ, ಮತ್ತೆ ನೆಟ್ಟಗಾದ.

"ನಮ್ಮ ಮಷೀನು ಬಂದ್ ಆಗೂದ ಇಲ್ರಿ ಮೇಡಂ. ವರ್ಷಪೂರ್ತಿ ಚಾಲೂ."

"ಸರಿಯಾಗಿ ನೋಡ್ರಿ."

ಫೋಟೊದಲ್ಲಿ ಬ್ಯಾಡಗಿಯ ಸುವರ್ಣರೇಖಾ ಶೀತಗೃಹದ ಯಂತ್ರಕೋಣೆ. ಮಾಲಿಕ ಸೋಮಣ್ಣನ ಕೈಯಲ್ಲಿ ಆರತಿ ತಟ್ಟೆ. ಆಪರೇಟರ್ ಉಡಚಪ್ಪನ ಕೈಯಲ್ಲಿ ಒಡೆದ ತೆಂಗಿನಕಾಯಿ. ಪಕ್ಕದಲ್ಲಿ ಮೇಲ್ವಿಚಾರಕ ಪ್ರವೀಣಕುಮಾರ ನಗುತ್ತಿದ್ದಾನೆ. ಮೂವರ ಮಧ್ಯೆ ಚೇತನಕುಮಾರನೇ ಅಳವಡಿಸಿದ ಕಂಪ್ಯೂಟರ್, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು. ಅದರ ಪರದೆ ಕಪ್ಪಗಿದೆ. ಗೋಡೆ ಗಡಿಯಾರದಲ್ಲಿ ಹತ್ತು ನಲವತ್ತು. ಮೂಲೆಯಲ್ಲಿ ಕ್ಯಾಮೆರಾ ಹೊಡೆದ ಕಿತ್ತಳೆ ಬಣ್ಣದ ಅಂಕಿಗಳು: 2008, ಅಕ್ಟೋಬರ್ 8.

ನಗುತ್ತಿರುವ ಪ್ರವೀಣಕುಮಾರ ಮೂರನೇ ಕೋಣೆಯೊಳಗೆ ಸಿಕ್ಕಿಕೊಂಡು ಸತ್ತು ಇಂದಿಗೆ ಇಪ್ಪತ್ತನಾಲ್ಕು ದಿನ. ಬಾಗಿಲು ತೆರೆದು ಅವನನ್ನು ಒಳಗೆ ಕೂಡಿಹಾಕಿದವನೆಂದು ಉಡಚಪ್ಪ ಜೈಲು ಸೇರಿ ಇಪ್ಪತ್ತು ದಿನ. ಅವನ ಜಾಮೀನು ಅರ್ಜಿ ನಾಳೆ, ಶುಕ್ರವಾರ ಹನ್ನೊಂದಕ್ಕೆ, ಹಾವೇರಿಯ ಕೋರ್ಟಿನ ಮುಂದೆ ಬರಲಿದೆ.

"ಎಂಟನೇ ತಾರೀಖು ದಸರಾ ಖಂಡೇಪೂಜಿ" ಎಂದಳು ಭುವನಾ. "ಥಂಡಿ ಮಷೀನು ಅರ್ಧ ತಾಸು ನಿಲ್ಲಿಸಿ, ಕುಂಕುಮ ಹಚ್ಚಿ, ಮತ್ತ ಚಾಲೂ ಮಾಡ್ತಾರ. ಇಲ್ಲಂದ್ರ ಮೆಣಸಿನಕಾಯಿ ಕೆಡತಾವು. ಆದರ ಕಂಪ್ಯೂಟರ್ ನಿಲ್ಲಿಸಿದ್ರ ಯಾವ ಮಾಲೂ ಕೆಡೂದಿಲ್ಲ. ಪೂಜಿ ಆದ ಮ್ಯಾಲೆ ಅದನ್ನ ಯಾರೂ ಮುಟ್ಟೂದಿಲ್ಲ. ಮರುದಿನ ಬನ್ನಿ ಕೊಟ್ಟು ಬಂದು, ಸಂಜೀಕ ಚಾಲೂ ಮಾಡ್ತಾರ. ಹೌದಲ್ಲೋ ಚಾಚಾ?"

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಫಕ್ರುದ್ದೀನ ತಲೆಯಾಡಿಸಿದ. ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು. ಈಗ ಭುವನಾಳ ಹಳೆಯ ಮಾರುತಿ ವ್ಯಾನು ಓಡಿಸುತ್ತಾನೆ.

"ಠಾಣೆದಾಗ ನಾವೂ ಬಂದೂಕು ಪೂಜಿ ಮಾಡಿ ಕಪಾಟಿನಾಗ ಇಡತಿದ್ವಿ" ಎಂದ. "ಆ ದಿನ ಕಳ್ಳರೂ ರಜಾ ತಗೋತಿದ್ರು."

ಚೇತನಕುಮಾರ ನಗಲಿಲ್ಲ.

ಭುವನಾ ಚೀಲದಿಂದ ಕಾಗದದ ಕಟ್ಟು ತೆಗೆದಳು. ಅಕ್ಟೋಬರ್ ಎಂಟರ ಹಾಳೆ ಮೇಲಿತ್ತು. "ನಿಮ್ಮ ಮಷೀನು ಹತ್ತು ನಿಮಿಷಕ್ಕ ಒಂದು ಸಾಲು ತಾಪಮಾನ ಬರೀತೈತಿ. ದಿನಕ್ಕ ನೂರಾ ನಲವತ್ನಾಲ್ಕು. ನೀವು ಕೊಟ್ಟ ಸೀಡಿಯೊಳಗ ಎಂಟನೇ ತಾರೀಖೂ ನೂರಾ ನಲವತ್ನಾಲ್ಕು ಸಾಲು, ಒಂಬತ್ತನೇ ತಾರೀಖೂ ನೂರಾ ನಲವತ್ನಾಲ್ಕು. ಮಾಲಿ ಹಾಕ್ಕೊಂಡು ಬಂದ್ ಆಗಿ ಕುಂತ ಮಷೀನು ಹೆಂಗ ಬರೀತು?"

ಫ್ಯಾನು ತಿರುಗುತ್ತಿತ್ತು. ಕೆಳಗೆ ಯಾರೋ ಹಾನಗಲ್ ಬಸ್ಸಿಗೆ ಜನ ಕರೆಯುತ್ತಿದ್ದರು.

"ಪೂಜಿ ಇತ್ತಂತ ನನಗ ಗೊತ್ತಿರಲಿಲ್ರಿ" ಎಂದ ಚೇತನಕುಮಾರ. ಆಮೇಲೆ ಸೇರಿಸಿದ: "ಫ್ಲಾಪಿ ಹಾಕೂ ಸಂದಿಯೊಳಗ ಕೆಂಪು ಪುಡಿ ಇತ್ತು. ಮೆಣಸಿನಕಾಯಿ ಧೂಳು ಅಂದ್ಕೊಂಡು ಊದಿಬಿಟ್ಟೆ."

"ಕುಂಕುಮ ಅದು."

"ಈಗ ತಿಳೀತ್ರಿ."

*

ಭುವನಾ ಇನ್ನೊಂದು ಕಾಗದ ತೆಗೆದಳು. ಇದು ಚೇತನಕುಮಾರನೇ ಜನವರಿಯಲ್ಲಿ ಸೋಮಣ್ಣನಿಗೆ ಕೊಟ್ಟ ಕೊಟೇಶನ್. ಅದರಲ್ಲಿ ಮೂರು ದಾರಿಗಳಿದ್ದವು.

ಬಾಗಿಲು ತೆರೆದದ್ದು, ಮುಚ್ಚಿದ್ದು, ಒಳಗಿನ ತಾಪಮಾನ ಇವೆಲ್ಲವನ್ನೂ ಯಂತ್ರ ತನ್ನಷ್ಟಕ್ಕೆ ಬರೆದಿಡುವುದಕ್ಕೆ ಲಾಗ್ ಎನ್ನುತ್ತಾರೆ. ಅದನ್ನು ಒಂದು ವರ್ಷ ಉಳಿಸಬೇಕು ಎಂಬುದು ವಿಮಾ ಕಂಪನಿಯ ಷರತ್ತು. ಮೊದಲನೇ ದಾರಿ: ಅದೇ ಕಂಪ್ಯೂಟರಿನಲ್ಲಿ ಒಂದು ಕಡತ, ನಾಲ್ಕು ಸಾವಿರ ಸಾಲು ತುಂಬಿದ ಮೇಲೆ ಹೊಸದೊಂದು ಬಂದರೆ ಹಳೆಯದೊಂದು ತಾನಾಗಿ ಹೋಗುತ್ತದೆ. ಎರಡನೆಯದು: ಬೇರೆ ಕಟ್ಟಡದಲ್ಲಿ ಇನ್ನೊಂದು ಕಂಪ್ಯೂಟರ್, ಪ್ರತಿ ಸಾಲೂ ಬರೆದ ಕ್ಷಣವೇ ತಂತಿಯ ಮೇಲೆ ಅಲ್ಲಿಗೂ ಹೋಗುತ್ತದೆ. ಮೂರನೆಯದು: ಪ್ರತಿ ಸಾಲನ್ನೂ ಉದ್ದನೆಯ ಕಾಗದದ ಮೇಲೆ ಹೊಡೆಯುವ ಪ್ರಿಂಟರ್.

ಮೊದಲನೆಯದರ ಎದುರು ಸೋಮಣ್ಣ ಸಹಿ ಹಾಕಿದ್ದ.

"ನಾ ಎರಡನೇದು ಮಾಡ್ರಿ ಅಂದೆ" ಎಂದ ಚೇತನಕುಮಾರ. "ಒಂದ ಮಷೀನಿನಾಗ ಇಟ್ರ ಅದನ್ನ ಮುಟ್ಟಿದಾಂವ ಲಾಗೂ ಮುಟ್ಟಬಹುದು ಅಂತ ಬಿಡಿಸಿ ಹೇಳಿದೆ. ಸಾವ್ಕಾರ್ರು ಕೇಳಲಿಲ್ಲ. 'ಮೆಣಸಿನಕಾಯಿ ಕಾಯಾಕ ಒಂದು ಕಂಪ್ಯೂಟರು, ಆ ಕಂಪ್ಯೂಟರ್ ಕಾಯಾಕ ಇನ್ನೊಂದ? ನಾಳೆ ಅದನ್ನ ಕಾಯಾಕ ಮೂರನೇದು ಅಂತೀಯೇನಲೇ' ಅಂದ್ರು."

"ಪ್ರಿಂಟರ್?"

"ಬ್ಯಾಡಗಿ ಧೂಳಿನಾಗ ಮೂರು ತಿಂಗಳೂ ಬಾಳಂಗಿಲ್ರಿ ಅದು. ಸೀನಿ ಸೀನಿ ಸಾಯತೈತಿ."

ಭುವನಾ ಕೊಟೇಶನ್ ಮಡಚಿದಳು. ಅದೇ ಜನವರಿಯ ಕೊನೆಯಲ್ಲಿ ವಿಮಾ ಕಂಪನಿಯ ಪರವಾಗಿ ಶೀತಗೃಹದ ತಪಾಸಣೆಗೆ ಹೋದವಳು ಅವಳೇ. ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು: ಲಾಗ್ ವ್ಯವಸ್ಥೆ ಇದೆಯೇ? ಹೌದು, ಇಲ್ಲ. ಅವಳು 'ಹೌದು' ಎಂಬುದರ ಮುಂದೆ ಗುರುತು ಹಾಕಿದ್ದಳು. ಎಷ್ಟು ದಿನದ್ದು ಉಳಿಯುತ್ತದೆ ಎಂದು ನಮೂನೆ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ನವೆಂಬರ್ ಹದಿಮೂರರಂದು ಹಾವೇರಿಯ ವಿಮಾ ಆಫೀಸಿನಲ್ಲಿ ಒಂದು ಸೀಡಿ ಅವಳ ಮೇಜಿನ ಮೇಲೆ ಬಂದು ಕೂತಿತ್ತು. ಫೆಬ್ರುವರಿಯಿಂದ ಒಂದು ಸಾಲೂ ತಪ್ಪದ ಲಾಗ್. ನವೆಂಬರ್ 10, ಮಧ್ಯಾಹ್ನ 2.14: ಬಾಗಿಲು 3 ತೆರೆಯಿತು, ನಂಬರು 04. 2.15: ಬಾಗಿಲು 3 ಮುಚ್ಚಿತು. 04 ಎಂದರೆ ಬಾಗಿಲು ತೆರೆಯಲು ಉಡಚಪ್ಪ ಒತ್ತುವ ನಂಬರು. ಅವಳು ಮೂರು ಪುಟದ ವರದಿ ಬರೆದಳು. ಮರುದಿನ ಪೊಲೀಸರು ಉಡಚಪ್ಪನನ್ನು ಕರೆದೊಯ್ದರು.

"ಸುಳ್ಳು ಸಾಲು ಯಾವತ್ತಿನ ತನಕ ಬರೆದ್ರಿ?"

"ಅಕ್ಟೋಬರ್ ಹತ್ತೊಂಬತ್ತರ ತನಕ. ಸಾವ್ಕಾರ್ರು ನವೆಂಬರ್ ಹನ್ನೆರಡಕ್ಕ ಫೋನ್ ಮಾಡಿದ್ರು. ಕಂಪನಿಯವರು ವರ್ಷದ್ದು ಕೇಳ್ತಾರ, ಇಲ್ಲಾಂದ್ರ ವಿಮಾ ರದ್ದಾಗತೈತಿ ಅಂದ್ರು. ಮಷೀನಿನಾಗ ಇದ್ದದ್ದು ಇಪ್ಪತ್ತನಾಲ್ಕು ದಿನದ್ದು. ಹಿಂದಿನದನ್ನ ಒಂದು ಸಣ್ಣ ಪ್ರೋಗ್ರಾಂ ಬರೆದು ತುಂಬಿಸಿದೆ. ಇಪ್ಪತ್ತನೇ ತಾರೀಖಿನಿಂದ ಮುಂದಿನದೆಲ್ಲಾ ಖರೇದು. ನನ್ನ ಮಕ್ಕಳಾಣಿ, ಒಂದಕ್ಷರ ಮುಟ್ಟಿಲ್ಲ."

"ಸೀಡಿ ಯಾರ ಕೈಗೆ ಕೊಟ್ರಿ?"

"ಸಾವ್ಕಾರ್ರ ಕೈಗೆ. ಮುಂದಿಂದು ನನಗ ಗೊತ್ತಿಲ್ಲ."

"ಉಡಚಪ್ಪನ ಸಾಲು?"

"ಅದು ಮಷೀನು ಬರೆದದ್ದ ರೀ."

ಫಕ್ರುದ್ದೀನ ಸ್ಟೂಲಿನಿಂದ ಎದ್ದ. "ಎಂಟು ತಿಂಗಳದ್ದು ಸುಳ್ಳು ಬರೆದ ಕೈ, ಇಪ್ಪತ್ತನಾಲ್ಕು ದಿನದ್ದು ಮಾತ್ರ ನಿಯತ್ತಿಲೆ ಬಿಟ್ಟೈತಂತ. ಜಡ್ಜ್ ಸಾಹೇಬರ ಮುಂದ ಹೇಳು, ಹಾರ ಹಾಕ್ತಾರ ನಿನಗ."

ಚೇತನಕುಮಾರ ಮುಖ ಒರೆಸಿಕೊಂಡ. "ಇನ್ನೊಂದು ಮಾತೈತ್ರಿ ಮೇಡಂ. ಪ್ರವೀಣಕುಮಾರ ಇಲ್ಲಿಗೆ ಬಂದಿದ್ದ. ನವೆಂಬರ್ ಏಳಕ್ಕ, ಸಾಯೂಕಿಂತ ಮೂರು ದಿನ ಮೊದಲು. ಕೊಟೇಶನ್ನಿನ ಎರಡನೇ ದಾರಿ ಈಗಲೂ ಮಾಡಬಹುದೇನು ಅಂತ ಕೇಳಿದ. 'ಮೂರನೇ ಬಾಗಲಾ ತೆಗಿಯೋ ನಂಬರು ಒಬ್ಬರದು, ಕೈ ಇನ್ನೊಬ್ಬರದು' ಅಂದ. ಯಾರಂತ ಹೇಳಲಿಲ್ಲ."

ಭುವನಾ ಆ ಮಾತನ್ನು ಪುಸ್ತಕದಲ್ಲಿ ಅವನು ಹೇಳಿದಂತೆಯೇ ಬರೆದುಕೊಂಡಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು. ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಅದನ್ನು ಇಪ್ಪತ್ತು ದಿನ ಮೊದಲೇ ಕೇಳಬೇಕಿತ್ತು.

"ಹತ್ತನೇ ತಾರೀಖು ಮಧ್ಯಾಹ್ನದ ಸಾಲು ಬ್ಯಾಡಗಿ ಮಷೀನಿನಾಗ ಇನ್ನೂ ಐತೇನು?"

ಚೇತನಕುಮಾರ ಗಡಿಯಾರ ನೋಡಿದ. ಹನ್ನೊಂದೂ ಇಪ್ಪತ್ತೈದು. ಕ್ಯಾಲ್ಕುಲೇಟರ್ ಎಳೆದುಕೊಂಡ.

"ಅಲ್ಲಿಂದ ಇಲ್ಲೀತನಕ ತಾಪಮಾನದ ಸಾಲು ಸುಮಾರು ಮೂರು ಸಾವಿರದ ನಾಕನೂರಾ ನಲವತ್ತು. ಬಾಗಿಲಿನವು ದಿನಕ್ಕ ಇಪ್ಪತ್ತು ಹಿಡಿದ್ರ ನಾಕನೂರಾ ಎಂಬತ್ತು. ಇನ್ನೂ ಎಂಬತ್ತು ಸಾಲಿಗೆ ಜಾಗ ಐತ್ರಿ. ರಾತ್ರಿ ಒಂಬತ್ತರ ತನಕ ಚಿಂತಿಲ್ಲ."

"ದಿನಕ್ಕ ಇಪ್ಪತ್ತು ಅಂತ ಹಿಡಿದ್ರಿ. ಒಂದ ದಿನ ಜಾಸ್ತಿ ಸಲ ಬಾಗಲಾ ತೆಗೆದ್ರ?"

"ಒಂದು ಸಲ ತೆಗೆದು ಮುಚ್ಚಿದ್ರ ಎರಡು ಸಾಲು." ಅವನು ತಲೆಯೆತ್ತಿದ. "ಹಳೇವು ಎರಡು ಹೋಕ್ಕಾವು."

"ಮಷೀನು ಬಂದ್ ಮಾಡ್ರಿ ಅಂತ ಫೋನ್ ಮಾಡಿದ್ರ?"

"ಬ್ಯಾಡ್ರಿ! ಮತ್ತ ಚಾಲೂ ಮಾಡುವಾಗ ಅದ ನಲವತ್ತು ಸಾಲು ಬರೀತೈತಿ."

ಭುವನಾ ಶೀತಗೃಹದ ಸ್ಥಿರ ದೂರವಾಣಿಗೆ ಎರಡು ಸಲ ಕರೆ ಮಾಡಿದಳು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಚೇತನಕುಮಾರ ಡ್ರಾಯರಿನಿಂದ ಪೆನ್ ಡ್ರೈವ್ ತೆಗೆದು ಚಾಚಿದ. "ಇದನ್ನ ಹಚ್ಚಿದ್ರ ಪೂರಾ ಕಡತ ಇದರಾಗ ಬರತೈತಿ."

"ನಿಮ್ಮದು ನಿಮ್ಮ ಹತ್ರನ ಇರ್ಲಿ. ಹಳೇ ಸಾಲು ನೋಡೂದು ಹೆಂಗ, ಅಷ್ಟು ಹೇಳ್ರಿ ಸಾಕು."

*

ವ್ಯಾನು ಹೆದ್ದಾರಿ ಹಿಡಿಯುವ ಮೊದಲೇ ಇಪ್ಪತ್ತು ನಿಮಿಷ ಹೋಯಿತು. ಮಾರುಕಟ್ಟೆಯ ಎದುರು ಮೆಕ್ಕೆಜೋಳದ ಲಾರಿಗಳು ರಸ್ತೆಗೆ ಅಡ್ಡವಾಗಿ ನಿಂತಿದ್ದವು. ಫಕ್ರುದ್ದೀನ ಇಳಿದು, ಹಳೆಯ ಪೊಲೀಸ್ ದನಿಯಲ್ಲಿ ಇಬ್ಬರನ್ನು ಬೈದು, ಒಬ್ಬನಿಗೆ ಬೀಡಿ ಕೊಟ್ಟು ದಾರಿ ಮಾಡಿಸಿದ.

"ರಾತ್ರಿ ಒಂಬತ್ತರ ತನಕ ಚಿಂತಿಲ್ಲ ಅಂದಾನಲ್ಲ ಬೇಟಾ. ಯಾಕ ಕಾಲು ಕುಣಸಾಕತ್ತಿ?"

"ಅಂವ ದಿನಕ್ಕ ಇಪ್ಪತ್ತು ಅಂದದ್ದು ಅಂದಾಜು, ಚಾಚಾ."

"ಅಂದಾಜು ತಪ್ಪಿದ್ರ?"

"ನಾಳೆ ಕೋರ್ಟಿನಾಗ ನನ್ನ ವರದಿ ಇರತೈತಿ. ಅದನ್ನ ತಪ್ಪು ಅನ್ನಾಕ ಏನೂ ಇರಂಗಿಲ್ಲ."

ಮೋಟೆಬೆನ್ನೂರಿನವರೆಗೆ ಅವಳು ಕೈಯಲ್ಲಿದ್ದ ಫೋಟೊವನ್ನೇ ನೋಡುತ್ತ ಕೂತಳು. ನಿನ್ನೆ ಸಂಜೆ ಹಾವೇರಿಯ ಮನೆಯ ಬಾಗಿಲಿಗೆ ಬಂದು ಅದನ್ನು ಕೊಟ್ಟವಳು ಉಚ್ಚಂಗೆವ್ವ, ಉಡಚಪ್ಪನ ಹೆಂಡತಿ. ಅವಳೂ ಅದೇ ಶೀತಗೃಹದಲ್ಲಿ ಕಸ ಬಳಿಯುವ ಕೆಲಸದವಳು. ಕೂರಲಿಲ್ಲ, ಚಹಾ ಕುಡಿಯಲಿಲ್ಲ. "ಪೂಜಿ ದಿನ ಮಷೀನು ಬಂದ್ ಇತ್ರಿ ಅಕ್ಕಾರ. ನಿಮ್ಮ ಸೀಡಿದಾಗ ಏನೈತಿ ನೋಡ್ರಿ" ಎಂದಷ್ಟೇ ಹೇಳಿದ್ದಳು. ಫೋಟೊದ ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆಯಿರಲಿಲ್ಲ. ಯಾರು ತೆಗೆದದ್ದು ಎಂದು ಕೇಳಿದರೆ, "ಯಾರೋ ಬಂದಿದ್ರಿ" ಎಂದಿದ್ದಳು.

ಕಳೆದ ವಾರ ಜೈಲಿನಲ್ಲಿ ನೋಡಿದಾಗ ಉಡಚಪ್ಪನೂ ಅಷ್ಟೇ. ಭುವನಾ ಹನ್ನೊಂದು ಪ್ರಶ್ನೆ ಕೇಳಿದ್ದಳು. ಅವನು ಒಂದಕ್ಕೂ ಉತ್ತರ ಕೊಡಲಿಲ್ಲ. ಏಳುವ ಹೊತ್ತಿಗೆ ಅವನೇ ಒಂದು ಪ್ರಶ್ನೆ ಕೇಳಿದ್ದ: "ಆಕಿ ಹೊತ್ತಿಗೆ ಸರಿ ಉಣ್ಣಾಕತ್ತಾಳೇನ್ರಿ?"

ವ್ಯಾನು ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗಿತು. ಊರು ಕಾಣುವ ಮೊದಲೇ ಘಾಟು ಬಂತು. ಫಕ್ರುದ್ದೀನ ನಾಲ್ಕು ಸಲ ಸೀನಿದ.

*

ಹನ್ನೆರಡೂ ನಲವತ್ತೇಳು. ಶೀತಗೃಹದ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಸೋಮಣ್ಣ ಹುಬ್ಬಳ್ಳಿಗೆ ಹೋಗಿದ್ದ. ಹೊಸ ಆಪರೇಟರ್ ಊಟಕ್ಕೆ ಹೋಗಿದ್ದ.

ದಢ್ ಎಂದು ಒಳಗಿನಿಂದ ಬಾಗಿಲು ಬಡಿದ ಸದ್ದು ಬಂತು.

"ಯಾರು ಮೈಲವ್ವಾ ಅದು?" ಭುವನಾ ಹೆಂಗಸರ ಮುಂದಾಳಿನತ್ತ ನೋಡಿದಳು.

ಮೈಲವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದಳು: "ಉಡಚಪ್ಪನ ಹೇಂತಿ ರೀ. ಮುಂಜಾನಿ ಒಂಬತ್ತರಿಂದ ಮೂರನೇ ಕೋಣಿ ಬಳಿಯಾಕತ್ತಾಳ. ಒಂದು ಬುಟ್ಟಿ ಕಸಕ್ಕ ಒಂದು ಸಲ ಬಾಗಲಾ ತೆಗೀತಾಳ, ಮುಚ್ಚತಾಳ. ಹೊರಗ ಚೆಲ್ಲಿ ಮತ್ತ ಹೋಕ್ಕಾಳ. ಬಾಗಲಾ ತೆಗೆದ ಇಟ್ಟು ಬಳಿಯವಾ ಅಂದ್ರ, ಥಂಡಿ ಹೋಗತೈತಿ ಅಂತಾಳ. ಮದುವಿ ಮನಿ ಹಂಗ ಸಾರಿಸಾಕತ್ತಾಳ ನೋಡ್ರಿ."

ಭುವನಾ ಓಡಿದಳು. "ಚಾಚಾ, ಬಾಗಲಾ ಹಿಡೀರಿ! ಮುಚ್ಚಾಕ ಬಿಡಬ್ಯಾಡ್ರಿ!"

ಯಂತ್ರಕೋಣೆಯಲ್ಲಿ ಯಾರೂ ಇರಲಿಲ್ಲ. ಕಂಪ್ಯೂಟರಿನ ಮೂಲೆಯಲ್ಲಿ ಒಣಗಿದ ಚೆಂಡುಹೂವಿನ ಒಂದು ಎಸಳು ಇನ್ನೂ ಅಂಟಿಕೊಂಡಿತ್ತು. ಅವಳು ಚೇತನಕುಮಾರ ಹೇಳಿದ ಗುಂಡಿ ಒತ್ತಿದಳು. ಪರದೆಯ ಮೇಲೆ ಹಳೆಯ ಸಾಲುಗಳು ಬಂದವು. ಎಲ್ಲಕ್ಕಿಂತ ಮೇಲಿದ್ದದ್ದು ನವೆಂಬರ್ 10, ಮಧ್ಯಾಹ್ನ 2.00. ಅದರ ಕೆಳಗೆ 2.10. ಅದರ ಕೆಳಗೆ ಅವಳಿಗೆ ಬೇಕಾದ ಸಾಲು.

ಕೈಚೀಲದಲ್ಲಿ ಕ್ಯಾಮೆರಾ ಹುಡುಕುವಷ್ಟರಲ್ಲಿ ಒಂದು ಸಾಲು ಹೋಯಿತು. ಪರದೆ ಒಮ್ಮೆ ಮಿಟುಕಿತು, 2.00 ಇರಲಿಲ್ಲ. ಕ್ಯಾಮೆರಾ ಎತ್ತಿ ಒತ್ತಿದಳು. ಫ್ಲಾಶ್ ಹೊಡೆಯಿತು. ಪರದೆಯ ಗಾಜಿನ ಮೇಲೆ ಬರೀ ಬಿಳಿ ಬೆಳಕು. ಫ್ಲಾಶ್ ಆರಿಸಿದಳು.

ದಢ್. 2.10 ಹೋಯಿತು.

ಅವಳು ಉಸಿರು ಹಿಡಿದು ಮತ್ತೆ ಒತ್ತಿದಳು. ಈ ಸಲ ಸರಿಯಾಗಿ ಬಂತು. ಇನ್ನೊಂದು ತೆಗೆದಳು. ಹೊರಗೆ ಫಕ್ರುದ್ದೀನನ ದನಿ ಕೇಳಿಸಿತು. ಅಷ್ಟರಲ್ಲಿ 12.50ರ ತಾಪಮಾನ ಬಂದು ಕೂತಿತು. ನವೆಂಬರ್ ಹತ್ತರ 2.14ರ ಸಾಲು ಅವಳ ಕಣ್ಣೆದುರೇ ಇಲ್ಲವಾಯಿತು.

ಮತ್ತೆ ಬಾಗಿಲು ಬಡಿಯಲಿಲ್ಲ.

ಅವಳು ಕ್ಯಾಮೆರಾದ ಪುಟ್ಟ ಪರದೆಯನ್ನು ಕಣ್ಣಿನ ಹತ್ತಿರ ತಂದಳು. 2.14, ಬಾಗಿಲು 3 ತೆರೆಯಿತು, ನಂಬರು 04.

ಚೇತನಕುಮಾರ ಸುಳ್ಳು ಹೇಳಿರಲಿಲ್ಲ. ಅದೇ ಸಮಯ, ಅದೇ ನಂಬರು. ರಾಣೆಬೆನ್ನೂರಿನಿಂದ ಇಷ್ಟು ದೂರ ಓಡಿ ಬಂದದ್ದು ಉಡಚಪ್ಪನನ್ನು ಮತ್ತಷ್ಟು ಗಟ್ಟಿಯಾಗಿ ಕಟ್ಟಿಹಾಕಲಿಕ್ಕೇ?

ರೂಢಿಯಂತೆ ಕೆಳಗಿನ ಸಾಲುಗಳನ್ನೂ ಓದಿದಳು. 2.20ಕ್ಕೆ ಮೂರನೇ ಕೋಣೆಯ ತಾಪಮಾನ ಐದೂವರೆ ಡಿಗ್ರಿ. 2.30ಕ್ಕೆ ಏಳು. 2.37: ಬಾಗಿಲು 3 ಮುಚ್ಚಿತು.

ಅವಳು ಚೀಲದಿಂದ ಸೀಡಿಯ ಹಾಳೆ ತೆಗೆದು ಪಕ್ಕದಲ್ಲಿ ಹಿಡಿದಳು. ಅದರಲ್ಲಿ ಬಾಗಿಲು ಮುಚ್ಚಿದ್ದು 2.15ಕ್ಕೆ. ತಾಪಮಾನ ನಾಲ್ಕು ಡಿಗ್ರಿ ದಾಟಿರಲೇ ಇಲ್ಲ. ಸೀಡಿ ಚೇತನಕುಮಾರನ ಕೈ ಬಿಟ್ಟ ಮೇಲೆ ಯಾರೋ ಅದನ್ನು ತಿದ್ದಿರಬೇಕು.

ತೆರೆದು, ನೂಕಿ, ಒಂದೇ ನಿಮಿಷದಲ್ಲಿ ಮುಚ್ಚಿದ ಎಂದು ಅವಳ ವರದಿ ಹೇಳಿತ್ತು. ನಿಜದಲ್ಲಿ ಬಾಗಿಲು ಇಪ್ಪತ್ತಮೂರು ನಿಮಿಷ ತೆರೆದೇ ಇತ್ತು. ಆ ಬಾಗಿಲು ತೆರೆಯಲು ನಂಬರು ಬೇಕು; ಮುಚ್ಚಲು ಯಾರ ಕೈಯಾದರೂ ಸಾಕು.

ಅವಳು ಕೆಳಗಿನ ಬಾಣದ ಗುಂಡಿ ಒತ್ತಿ ಹೊಸ ಸಾಲುಗಳಿಗೆ ಬಂದಳು. ಡಿಸೆಂಬರ್ 4. 12.51, ಬಾಗಿಲು 3 ತೆರೆಯಿತು, 04. ಅದರ ಹಿಂದೆ 12.48, 04. 12.43, 04. 12.37, 04. ಬೆಳಗಿನ ಒಂಬತ್ತರವರೆಗೂ ಹಾಗೆಯೇ.

ಉಡಚಪ್ಪ ಇಪ್ಪತ್ತು ದಿನದಿಂದ ಹಾವೇರಿಯ ಜೈಲಿನಲ್ಲಿದ್ದಾನೆ. ಅವನ ನಂಬರು ಬೆಳಗಿನಿಂದ ಬ್ಯಾಡಗಿಯಲ್ಲಿ ಬಾಗಿಲು ತೆರೆಯುತ್ತಿದೆ.

ಅದರ ಫೋಟೊವನ್ನೂ ಅವಳು ತೆಗೆದಳು. ಮೂರು ಸಲ.

*

ಮೂರನೇ ಕೋಣೆಯ ಬಾಗಿಲಿಗೆ ಫಕ್ರುದ್ದೀನ ಬೆನ್ನು ಕೊಟ್ಟು ನಿಂತಿದ್ದ. ಹೊರಗೆ ಬೀಳುತ್ತಿದ್ದ ತಣ್ಣನೆಯ ಮಂಜಿನ ಒಳಗೆ ಉಚ್ಚಂಗೆವ್ವ ಬುಟ್ಟಿ ಹಿಡಿದು ನಿಂತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ತುಟಿ ನೀಲಿಗಟ್ಟಿತ್ತು. ಬುಟ್ಟಿಯಲ್ಲಿ ಒಂದು ಹಿಡಿಯಷ್ಟೂ ಕಸವಿರಲಿಲ್ಲ.

"ಸಾಕ್ ಮಾಡು ಉಚ್ಚಂಗೆವ್ವಾ. ಹೊರಗ ಬಾ. ಆ ಸಾಲು ಹೋತು."

ಉಚ್ಚಂಗೆವ್ವನ ಮುಖದಲ್ಲಿ ಮೊದಲು ಕಂಡದ್ದು ನಿರಾಳ. ಆಮೇಲೆ ಅವಳ ಕಣ್ಣು ಭುವನಾಳ ಕೈಯಲ್ಲಿದ್ದ ಕ್ಯಾಮೆರಾದ ಮೇಲೆ ಬಿತ್ತು. ಬುಟ್ಟಿ ಕೆಳಗಿಟ್ಟಳು.

"ತಗೊಂಡ್ರೇನ್ರಿ?"

"ತಗೊಂಡೆ."

ಫಕ್ರುದ್ದೀನ ತನ್ನ ಶಾಲು ಕೊಟ್ಟ. ಅವಳು ಹೊದೆಯಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು.

"ಫೋಟೊ ತಂದು ಕೊಟ್ಟಾಕಿ ನೀನ" ಎಂದಳು ಭುವನಾ. "ಇಲ್ಲಿ ಸಾಲು ಅಳಸಾಕತ್ತಾಕಿನೂ ನೀನ. ಸೀಡಿ ಸುಳ್ಳು ಅಂತ ಆಗಬೇಕು, ಖರೇದು ಉಳಿಬಾರದು. ಹೌದಲ್ಲೋ?"

"ಹಂಗಾದ್ರ ಅವರು ಹೊರಗ ಬರ್ತಾರಲ್ರಿ."

"ನೀ ಒಳಗ ಹೋಗಂಗಿಲ್ಲ."

"ಎರಡು ಕೂಸು ಅದಾವ್ರಿ ಅಕ್ಕಾರ. ಇಬ್ರಾಗ ಒಬ್ರಾದ್ರೂ ಮನ್ಯಾಗ ಇರಬೇಕಲ್ಲ." ಅವಳು ಅಳುತ್ತಿರಲಿಲ್ಲ. ಲೆಕ್ಕ ಒಪ್ಪಿಸುವವಳಂತೆ ಹೇಳುತ್ತಿದ್ದಳು. "ಸಾಲಿನ ಹಿಕ್ಮತ್ತು ಅವರ ಹೇಳಿದ್ರು. ಬಾಗಲಾ ಬಡಿದಾಗೊಮ್ಮೆ ಹೊಸಾದು ಬರತೈತಿ, ಹಳೇದು ಉದುರತೈತಿ ಅಂತ. ನಂಬರೂ ನನಗ ಗೊತ್ತಿತ್ತು. ಅವರಿಗೆ ಎಲ್ಲರ ಹೋಗೂದಿದ್ರ ಅವರ ಜಾಗಾದಾಗ ನಾನ ಕುಂದರತಿದ್ದೆ. ಒಂದ ಮನಿ, ಒಂದ ನಂಬರು."

"ನವೆಂಬರ್ ಹತ್ತಕ್ಕ ಅಂವ ಎಲ್ಲಿ ಹೋಗಿದ್ದ?"

"ಕುಪ್ಪೇಲೂರಿಗ್ರಿ. ನಮ್ಮವ್ವಗ ಆರಾಮಿದ್ದಿಲ್ಲ, ದವಾಖಾನಿಗೆ ಕರಕೊಂಡು ಹೋಗಾಕ. ಸಾವ್ಕಾರ್ರಿಗೆ ಹೇಳಿದ್ರ ಕೆಲಸ ಹೋಗತಿತ್ತು."

"ಅಂದ್ರ 2.14ಕ್ಕ 04 ಒತ್ತಿದಾಕಿ..."

"ನಾನ." ಉಚ್ಚಂಗೆವ್ವ ಈಗ ನೇರವಾಗಿ ನೋಡಿದಳು. "ಪ್ರವೀಣಣ್ಣ ಚೀಲ ನೋಡೂದೈತಿ, ಬಾಗಲಾ ತೆಗಿ ಅಂದ. ತೆಗೆದು ಕೊಟ್ಟೆ. ಅಷ್ಟರಾಗ ಒಬ್ಬಾಂವ ಬಂದ. ಇಬ್ರೂ ಜೋರಾಗಿ ಮಾತಾಡಾಕತ್ತಿದ್ರು. 'ನೀ ಹೋಗು ತಂಗಿ' ಅಂದ ಪ್ರವೀಣಣ್ಣ. ನಾ ತೊಟ್ಟು ಬಿಡಸೂ ಕಡೆ ಹೋದೆ. ತಿರುಗಿ ಬರೂದ್ರೊಳಗ ಬಾಗಲಾ ಮುಚ್ಚಿತ್ತು. ಇಬ್ರೂ ಹೋಗ್ಯಾರ ಅಂದ್ಕೊಂಡೆ. ಮರುದಿನ ಮುಂಜಾನಿ ಬಾಗಲಾ ತೆಗೆದಾಕಿನೂ ನಾನ. ಒಳಗಿನ ಹಿಡಿಕಿ ಮುರಿದಿತ್ತು. ಅವಂಗ ಮೊದಲ ಉಬ್ಬಸ..." ಅವಳು ಶಾಲನ್ನು ಮುದುಡಿ ಹಿಡಿದಳು. "ತೆಗೆದಾಕಿ ನಾನ ರೀ. ಮುಚ್ಚಿದಾಕಿ ನಾ ಅಲ್ಲ."

ಇಪ್ಪತ್ತಮೂರು ನಿಮಿಷ. ಭುವನಾಳಿಗೆ ಅವಳನ್ನು ನಂಬಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ಅದನ್ನು ನಾಳೆ ಹೇಳಿದರೆ ಗಂಡ ಹೊರಬರುವ ಬಾಗಿಲಲ್ಲೇ ಹೆಂಡತಿ ಒಳಗೆ ಹೋಗುತ್ತಾಳೆ. ಬಾಗಿಲು ಮುಚ್ಚಿದ ಕೈ ಯಾರದೆಂದು ಹೇಳಿದರೆ ಮಾತ್ರ ಇಬ್ಬರೂ ಉಳಿಯುತ್ತಾರೆ. ಅದಕ್ಕೆ ಇಪ್ಪತ್ತೆರಡು ಗಂಟೆ ಉಳಿದಿತ್ತು.

"ಆ ಒಬ್ಬಾಂವ ಯಾರು? ಸೋಮಣ್ಣನೇನು?"

"ಅಲ್ರಿ."

ಭುವನಾ ಖಂಡೇಪೂಜೆಯ ಫೋಟೊ ಅವಳ ಮುಂದೆ ಹಿಡಿದಳು. "ಇದರಾಗ ಅದಾನೇನು ನೋಡು."

ಉಚ್ಚಂಗೆವ್ವ ನೋಡಲೇ ಇಲ್ಲ.

"ಇದರಾಗ ಹೆಂಗ ಇರ್ತಾನ್ರಿ? ಇದನ್ನ ತೆಗೆದಾಂವನ ಅಂವ."

"ಹೆಸರು?"

"ನಮಗ್ಯಾರು ಹೆಸರು ಹೇಳತಾರ್ರಿ. ಪೂಜಿ ದಿನ ಸಾವ್ಕಾರ್ರು ತಮ್ಮ ಗಾಡಿಯಾಗ ಕರಕೊಂಡು ಬಂದಿದ್ರು. ಆಮ್ಯಾಲೂ ನಾಕೈದು ಸಲ ಬಂದಾನ." ಹೇಳಬೇಕೋ ಬೇಡವೋ ಎಂಬಂತೆ ಫಕ್ರುದ್ದೀನನನ್ನೂ ನೋಡಿದಳು. "ಅದಕ್ಕ ನಿನ್ನೆ ನಿಮಗ ಹೇಳಾಕ ಅಂಜಿದೆ ಅಕ್ಕಾರ. ನಿಮ್ಮ ವಿಮಾ ಆಫೀಸಿನಾವಂತ್ರಿ ಅಂವ."